ಹನ್ನೊಂದು ಜನ ಒಂದೇ ಅಳು

ಸರ್ಕಾರಿ ಶಾಲೆಯ ಮೇಷ್ಟ್ರುಗಳಾದ ನಾವು ಯಾವ ಫಾರಂ ಅನ್ನೂ ಸ್ವಂತ ಬುದ್ಧಿಯಿಂದ ತುಂಬಿದವರಲ್ಲ. ಯಾರೋ ಒಬ್ಬ ಪುಣ್ಯಾತ್ಮ ಮೊದಲು ತುಂಬಬೇಕು, ಅದರ ಫೋಟೊ ವಾಟ್ಸಾಪ್ ಗುಂಪಿಗೆ 'ಮಾದರಿ' ಎಂದು ಬೀಳಬೇಕು, ಉಳಿದವರು ಹೆಸರೊಂದನ್ನು ಬದಲಿಸಿ ಮಿಕ್ಕಿದ್ದನ್ನು ಅಕ್ಷರ ತಪ್ಪದೆ ಇಳಿಸಬೇಕು. ಒಮ್ಮೆ ನಮ್ಮ ಗಣಿತದ ಮೇಷ್ಟ್ರು ತಂದೆಯ ಹೆಸರಿನ ಜಾಗದಲ್ಲೂ ನನ್ನ ಅಪ್ಪನ ಹೆಸರನ್ನೇ ಇಳಿಸಿ, ದಾಖಲೆಯಲ್ಲಿ ಒಂದು ವರ್ಷ ನನ್ನ ತಮ್ಮನಾಗಿದ್ದರು. ಪರೀಕ್ಷೆಯಲ್ಲಿ ಮಕ್ಕಳು ಪಕ್ಕಕ್ಕೆ ಕತ್ತು ತಿರುಗಿಸಿದರೆ ಕಿವಿ ಹಿಂಡುವವರೂ ನಾವೇ.

ನಮ್ಮ ಶಾಲೆಯ ಮಾನಸಿಕ ಆರೋಗ್ಯದ ಹೊಣೆ ನನ್ನ ಹೆಗಲಿಗೆ ಬಂದದ್ದು, ಅದನ್ನು ಹಂಚಿದ ದಿನ ನಾನು ರಜೆಯಲ್ಲಿದ್ದೆ ಎಂಬ ಒಂದೇ ಅರ್ಹತೆಯಿಂದ. ಹಾಸನದಲ್ಲಿ ಎರಡು ದಿನ ತರಬೇತಿ, ಒಂದು ಬ್ಯಾಗು, ಒಂದು ಫೈಲು. ಬಂದವಳೇ ಮಕ್ಕಳ ಮುಂದೆ ನಿಂತು, "ಮನಸ್ಸಿಗೂ ಜ್ವರ ಬರುತ್ತೆ ಕಣ್ರೋ, ಮುಚ್ಚಿಡಬೇಡಿ" ಎಂದು ಭಾಷಣ ಬಿಗಿದೆ. ಮುಚ್ಚಿಡುವುದರಲ್ಲಿ ನನ್ನನ್ನು ಮೀರಿಸುವವರೇ ಇರಲಿಲ್ಲ ಅನ್ನಿ. ತಿಂಗಳುಗಟ್ಟಲೆ ನನಗೆ ನೆಟ್ಟಗೆ ನಿದ್ದೆಯಿಲ್ಲ. ಬೆಳಿಗ್ಗೆ ಅರಸೀಕೆರೆಯಲ್ಲಿ ಹಳೇಬೀಡಿನ ಬಸ್ಸು ಹತ್ತಿದರೆ ಊರು ದಾಟುವಷ್ಟರಲ್ಲಿ ಅಳು. ಸೀಟು ಸಿಕ್ಕ ದಿನವೂ ಅಳು! ಕಾರಣವಾದರೂ ಇತ್ತೇ? ಒಳ್ಳೆಯ ಗಂಡ, ಚೆನ್ನಾಗಿ ಓದುವ ಮಗಳು, ಬಿಪಿ ಶುಗರ್ ಎರಡೂ ನಾರ್ಮಲ್. ಕಾರಣವಿಲ್ಲದೆ ಅಳುವುದಕ್ಕಿಂತ ದೊಡ್ಡ ನಾಚಿಕೆಗೇಡು ನನ್ನಂಥ ಬಾಯಿಬಡುಕಿಗೆ ಇನ್ನೇನಿದೆ! ನಮ್ಮವರು "ಯಾಕೇ, ಕಣ್ಣು ಕೆಂಪಗಿದೆ?" ಎಂದರೆ "ಈರುಳ್ಳಿ" ಎನ್ನುತ್ತಿದ್ದೆ. ಮನೆಯಲ್ಲಿ ಈರುಳ್ಳಿ ಮುಟ್ಟದ ಸೋಮವಾರವೂ ಈರುಳ್ಳಿಯೇ. ಅವರು ನಂಬುತ್ತಿದ್ದರೋ, ಪಾಪ, ಇನ್ನೇನು ಕೇಳುವುದೆಂದು ತಿಳಿಯದೆ ಸುಮ್ಮನಾಗುತ್ತಿದ್ದರೋ ಗೊತ್ತಿಲ್ಲ.

ಹೀಗಿರುವಾಗ ಶಿಕ್ಷಕರ ಮನಸ್ಸಿನ ಆರೋಗ್ಯವನ್ನೇ ವಿಚಾರಿಸುವ ಒಂದು ಫಾರಂ ತಾಲ್ಲೂಕು ಆಸ್ಪತ್ರೆಯಿಂದ ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೆ. ಸುಮ್ಮನೆ ನೋಡೋಣ ಅಂತ ಒಂದು ಪ್ರತಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ನಿದ್ದೆ ಬರುತ್ತದೆಯೇ? ಇಲ್ಲ. ಕಾರಣವಿಲ್ಲದೆ ಅಳು ಬರುತ್ತದೆಯೇ? ಹೌದು, ಬಸ್ಸಿನಲ್ಲಿ. ಯಾರಿಗಾದರೂ ಹೇಳಿಕೊಂಡಿದ್ದೀರಾ? ಇಲ್ಲ. ಹೆಸರು ಬರೆಯುವ ಧೈರ್ಯ ಮಾತ್ರ ಬರಲಿಲ್ಲ. ಆಮೇಲೆ ಹರಿದು ಹಾಕಿ, ನಗುನಗುತ್ತಾ ಇರುವಂಥ ಇನ್ನೊಂದು ತುಂಬಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು. ಹಾಜರಿ ಪುಸ್ತಕದ ಕೆಳಗಿಟ್ಟು ತರಗತಿಗೆ ಓಡಿದೆ. ನಮ್ಮ ಪಿ.ಟಿ. ಮೇಷ್ಟ್ರು, ಬಾಣಾವರದ ರಂಗಪ್ಪ, ಎಲ್ಲದರಲ್ಲೂ ಚುರುಕು. ನನ್ನ ಕೈಬರಹ ಗುರುತಿಸಿ, ಹೊಣೆ ಹೊತ್ತವರೇ ತುಂಬಿದ್ದಾರೆ, ಇದೇ ಮಾದರಿ ಎಂದು ಫೋಟೊ ಹೊಡೆದು ಗುಂಪಿಗೆ ಹಾಕಿಬಿಟ್ಟರು. ನಾನು ಮನೆ ಸೇರಿ ಫೋನು ನೋಡುವಷ್ಟರಲ್ಲಿ ಮಿಕ್ಕ ಹತ್ತು ಜನರದ್ದೂ ತಯಾರಾಗಿ, ಹೆಸರಿಲ್ಲದ ನನ್ನದನ್ನೂ ಸೇರಿಸಿಕೊಂಡು ಕಂತೆ ಆಸ್ಪತ್ರೆಗೆ ಹೋಗಿಯಾಗಿತ್ತು. ಅಯ್ಯೋ ಶಿವನೇ!

ಮೂರನೇ ದಿನ, ಆ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಗಾಬರಿಯಾಗಿ ಜೀಪಿನಲ್ಲಿ ಬಂದಿಳಿದರು. ನಮ್ಮನ್ನೆಲ್ಲ ಎಂಟನೇ ತರಗತಿಯ ಬೆಂಚುಗಳ ಮೇಲೆ ಕೂರಿಸಿ, "ಹನ್ನೊಂದು ಜನಾನೂ ಬಸ್ಸಲ್ಲೇ ಅಳ್ತೀರಾ?" ಎಂದರು. ಹೆಡ್ಮಾಸ್ಟರ ಕಡೆ ತಿರುಗಿ, "ಸಾರ್, ನೀವು ಬರೋದೇ ಸ್ಕೂಟರಲ್ಲಿ ಅಲ್ವಾ?"

"ಮಾದರೀಲಿ ಹಂಗಿತ್ತು ಮೇಡಂ" ಎಂದರು ಹೆಡ್ಮಾಸ್ಟರು, ಮೂರನೇ ಬೆಂಚಿನಿಂದ.

"ಹಾಗಾದ್ರೆ ಮೊದಲು ಬರೆದೋರು ಯಾರು?"

ರಂಗಪ್ಪ ನನ್ನ ಮುಖ ನೋಡಿದರು. ಪಾಪ, ತಪ್ಪು ಅರಿವಾಗಿರಬೇಕು. "ನಮ್ ಮೇಡಮ್ಮೋರು ಸುಮ್ಕೆ ಉದಾಹರಣೆಗೆ ಬರ್ದಿದ್ರು ಅಷ್ಟೆಯಾ. ಅಲ್ವಾ ಮೇಡಂ?" ಎಂದು ನನಗೆ ದಾರಿ ಬಿಟ್ಟುಕೊಟ್ಟರು. ಒಂದು 'ಹೌದು' ಅಂದಿದ್ದರೆ ಮುಗಿಯುತ್ತಿತ್ತು, ನಾನು ಮತ್ತೆ ಈರುಳ್ಳಿಗೇ ಹೋಗುತ್ತಿದ್ದೆ. ಆ ಈರುಳ್ಳಿ ಇನ್ನು ಸಾಕು ಅನ್ನಿಸಿತು. ಎದ್ದು ನಿಂತೆ.

"ಉದಾಹರಣೆ ಅಲ್ಲ. ನಂದೇ. ಒಂದೊಂದು ಅಕ್ಷರಾನೂ ನಂದೇ."

ಯಾರೂ ನಗಲಿಲ್ಲ. ಗುಂಡು ಎಸೆಯುವ ತೋಳಿನ ರಂಗಪ್ಪ ತಲೆ ಕೆರೆಯುತ್ತಾ ಎದ್ದರು. "ನಾನು ಕಾಪಿ ಹೊಡ್ದಿದ್ದು ದಿಟ ಕಣ್ರೀ. ಆದ್ರೆ ನಿದ್ದೆ ಇಲ್ಲ ಅಂತ ಇಳಿಸ್ಕೊಳ್ಳೋವಾಗ, ಎಲಾ, ಇದು ನಂದೂ ಐತಲ್ಲ ಅನ್ನಿಸ್ತು." ಗಣಿತದ ಮೇಷ್ಟ್ರು ಕೂತಲ್ಲಿಂದಲೇ ಕೈ ಎತ್ತಿದರು. ಹಿಂದಿನ ಬೆಂಚಿನಲ್ಲಿ ಇನ್ನೆರಡು ಕೈಗಳು ಎದ್ದವು. ನನ್ನ ಭಾಷಣಕ್ಕೆ ಒಂದು ಕೈಯೂ ಎದ್ದಿರಲಿಲ್ಲ, ನೋಡಿ! ನಗುತ್ತಾ ಅತ್ತುಬಿಟ್ಟೆ, ಎಲ್ಲರೆದುರಿಗೇ. ಸಂಜೆ ನಮ್ಮವರಿಗೂ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ನಾಳೆ ಆಸ್ಪತ್ರೆಗೆ ನಾನೂ ಬತ್ತೀನಿ" ಎಂದರು.

ಕೆಲವು ತಿಂಗಳು ಮಾತ್ರೆ, ಹದಿನೈದು ದಿನಕ್ಕೊಮ್ಮೆ ಡಾಕ್ಟರಮ್ಮನ ಹತ್ತಿರ ಮಾತು. ಕಾರಣ ಇರಲೇಬೇಕು ಅಂತೇನಿಲ್ಲ, ಜ್ವರಕ್ಕೆ ನಾವು ಕಾರಣ ಕೇಳಿ ಔಷಧಿ ಕುಡಿಯುತ್ತೇವೆಯೇ ಎಂದರು ಅವರು. ಮೆಲ್ಲಗೆ ಬೆಳಗುಗಳು ಹಗುರಾದವು. ಮೊನ್ನೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದ್ದಷ್ಟೇ ನೆನಪು. "ಏನ್ ಮೇಡಂ, ಇಳಿಯಲ್ವಾ? ಹಳೇಬೀಡು ಬಂತು" ಎಂದು ಕಂಡಕ್ಟರು ಎಬ್ಬಿಸಿದಾಗ ನಮ್ಮ ಶಾಲೆಯ ಸ್ಟಾಪು ಎಷ್ಟೋ ಹಿಂದೆ ಉಳಿದಿತ್ತು.

ವಾಪಸು ಬಂದಾಗ ಪ್ರಾರ್ಥನೆ ಮುಗಿದು ಗೇಟು ಹಾಕಿತ್ತು. ತಡವಾಗಿ ಬಂದವರು ಹತ್ತು ನಿಮಿಷ ಹೊರಗೇ ನಿಲ್ಲಬೇಕೆಂಬ ನಿಯಮ ತಂದ ಮಹಾತಾಯಿಯೂ ನಾನೇ. ಆಗಲೇ ಸಾಲಾಗಿ ನಿಂತಿದ್ದ ಮೂವರು ಹುಡುಗಿಯರ ಪಕ್ಕ ನಿಂತೆ.

"ಮಿಸ್, ನೀವ್ಯಾಕೆ ಲೇಟು?"

"ನಿದ್ದೆ ಬಂದ್ಬಿಡ್ತು ಕಣ್ರೇ!" ಎಂದೆ, ರಾಜ್ಯ ಪ್ರಶಸ್ತಿ ಬಂದವಳ ಹಾಗೆ ಎದೆಯುಬ್ಬಿಸಿ.