ಎರಡು ಸಲ ಫೇಲಾದ ಅಕ್ಕೋರು

ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಕೂತರೆ ನಗದೆ ಮುಗಿಯುವ ದಿನವೇ ಇರುವುದಿಲ್ಲ. ಕಲಿಸುವವಳಿಗೂ ಬಾರದಿದ್ದರಂತೂ ಕೇಳುವುದೇ ಬೇಡ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತು ಎರಡು ಸಲವೂ ಫೇಲಾದವಳು. ಬೇರೆಯವರು ಡಂಗುರ ಹೊಡೆಯುವುದಕ್ಕಿಂತ ನಾನೇ ಮೊದಲು ಹೇಳಿಬಿಡುವುದು ಮೇಲು.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಧಾರವಾಡದಿಂದ ಹೊನ್ನಾವರಕ್ಕೆ ಬಂದೆ. ನಮ್ಮವರು ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ಬಾಡಿಗೆ ಮನೆ ಮೀನುಗಾರರ ಕೇರಿಯಲ್ಲಿ. ಪಾಸ್‌ಪೋರ್ಟ್ ಕೇಳಲಿಲ್ಲ ಎನ್ನುವುದೊಂದು ಬಿಟ್ಟರೆ ನನಗೆ ಅದು ಪರದೇಶವೇ. ರೊಟ್ಟಿಯ ಜಾಗದಲ್ಲಿ ಕುಚ್ಚಲಕ್ಕಿ ಗಂಜಿ. ಕೇರಿಯ ಮನೆಮಾತು ಕೊಂಕಣಿ. ನನ್ನೊಡನೆ ಆಡುವ ಕನ್ನಡದಲ್ಲೂ ಅರ್ಧ ನನ್ನ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ನನ್ನ ಧಾರವಾಡದ ಮಾತು ಕೇಳಿ ನಗಲೆಂದೇ ಸಂಜೆ ಮಕ್ಕಳು ನಮ್ಮ ಜಗಲಿಗೆ ಬರುತ್ತಿದ್ದರು. ಹೇಗೂ ಬಂದಿದ್ದಾವಲ್ಲ ಎಂದು ಹಿಡಿದು ಕೂರಿಸಿ ಎಬಿಸಿಡಿ ಶುರು ಮಾಡಿದೆ.

ಆ ಕಡೆ ಪಾಠ ಹೇಳುವ ಹೆಂಗಸಿಗೆ ‘ಅಕ್ಕೋರು’ ಎನ್ನುತ್ತಾರೆ. ಮಕ್ಕಳು ಹಾಗೆ ಕರೆದ ದಿನ ನಾನು ಹಿಗ್ಗಿ ಹೀರೇಕಾಯಿಯಾದೆ. ಕೇರಿಯ ತುದಿಯಲ್ಲಿದ್ದ ನಿವೃತ್ತ ಇಂಗ್ಲಿಷ್ ಮಾಸ್ತರರಿಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ. ಅವರ ಮಾತೆಂದರೆ ಕೇರಿಗೆ ವೇದ. ಜಗಲಿಯ ಪಾಠ ಉಳಿಯುವುದೋ ಬಿಡುವುದೋ ಅವರ ಬಾಯಲ್ಲಿತ್ತು.

ಗೋ ಯಾರಿಗೆ?

ಮೊದಲ ಕ್ರಿಯಾಪದ ‘ಗೋ’. ಮೀನು ಮಾರುವಾಕೆಯ ಮಗಳನ್ನು ನಿಲ್ಲಿಸಿ, ಬೀದಿಯ ಕಡೆ ಕೈ ತೋರಿಸಿ, ‘ಗೋ!’ ಎಂದೆ. ಹುಡುಗಿ ನನ್ನ ಹತ್ತಿರ ಬಂದಳು.

“ಎಂತ ಅಕ್ಕೋರೆ?”

“ಗೋ!” ಎಂದು ದನಿ ಏರಿಸಿದೆ. ಇನ್ನೂ ಹತ್ತಿರ ಬಂದಳು. ಮೂರನೆಯ ಸಲ ಕಿರುಚಿದಾಗ ನನ್ನ ಕಾಲಿನ ಮೇಲೆಯೇ ನಿಂತಿದ್ದಳು.

ಬುಟ್ಟಿ ಹೊತ್ತು ಬರುತ್ತಿದ್ದ ಅವಳ ತಾಯಿ ಬಿಡಿಸಿ ಹೇಳಿದಳು: “ನಮ್ಮ ಕೊಂಕಣಿಲಿ ಹೆಣ್ಮಕ್ಕಳನ್ನ ಕರೆಯೂದೇ ‘ಗೋ’ ಅಂತ, ಅಕ್ಕೋರೆ. ಗಂಡ್ಮಕ್ಕಳಿಗೆ ‘ರೇ’. ನೀವು ಕರೀತಾ ಇದ್ರಿ, ಅದು ಬಂತು.”

ಇದು ಇಂಗ್ಲಿಷ್ ‘ಗೋ’, ಇದರ ಅರ್ಥ ‘ಹೋಗು’ ಎಂದು ಅರ್ಧ ತಾಸು ತಿಳಿಸಿದೆ. ಎಲ್ಲರೂ ತಲೆ ಆಡಿಸಿದರು. ಮರುದಿನ ಪಾಟಿ ನೋಡಿದರೆ ಹುಡುಗಿಯರು ‘ಐ ಗೋ ಟು ಸ್ಕೂಲ್’ ಎಂದು ಬರೆದಿದ್ದಾರೆ, ಹುಡುಗರೆಲ್ಲ ‘ಐ ರೇ ಟು ಸ್ಕೂಲ್’. ಒಬ್ಬನ ಕಿವಿ ಹಿಡಿದರೆ ಅವನಿಗೇ ಸಿಟ್ಟು ಬಂತು.

“ನಾ ಎಂತಕ್ಕೆ ಗೋ, ಅಕ್ಕೋರೆ? ನಾ ಗಂಡಲ್ದಾ?”

ಗಂಡನ ಬೆಂಬಲ

ಈ ‘ರೇ’ ಸುದ್ದಿ ಚಹಾ ಅಂಗಡಿ ಮುಟ್ಟಿತು. “ಆ ಘಟ್ಟದ ಮೇಲಿನವಳಿಗೆ ಇಂಗ್ಲಿಷ್ ಎಲ್ಲಿ ಬತ್ತದೆ?” ಎಂದು ಮಾಸ್ತರರು ಅಲ್ಲಿ ನಕ್ಕರಂತೆ. ನಮ್ಮವರು ಅಲ್ಲೇ ಇದ್ದರು. ಹೆಂಡತಿಯ ಮರ್ಯಾದೆಯ ಪ್ರಶ್ನೆ. ಗ್ಲಾಸು ಕುಟ್ಟಿ ಎದ್ದರು.

“ನಮ್ಮಾಕಿ ಏನ್ ಕಮ್ಮಿ ಅಲ್ರೀ! ಇಂಗ್ಲಿಷ್ ಪರೀಕ್ಷಾ ಎರಡ ಸಲ ಬರದಾಳ!”

“ಪಾಸಾದವರು ಎರಡನೇ ಸಲ ಎಂತಕ್ಕೆ ಬರೀತ್ರು?” ಎಂದರು ಮಾಸ್ತರರು.

ಸಂಜೆಯೊಳಗೆ ನನ್ನ ಮಾರ್ಕ್ಸ್‌ಕಾರ್ಡು ಇಡೀ ಕೇರಿಗೆ ಬಾಯಿಪಾಠ. ನಾನು ಮನೆಯಲ್ಲಿ ರಂಪ ಮಾಡಿದೆ. ನಮ್ಮವರು ತಣ್ಣಗೆ ಹೇಳಿದರು:

“ಮೂರನೇ ಸಲ ಕೂಡೂ ಧೈರ್ಯ ಆಗಲಿಲ್ಲ ಅಂತ ನಾ ಎಲ್ಲೂ ಹೇಳಿಲ್ಲ ನೋಡು.”

ಎಫ್ ಫಾರ್ ಎಂತ ಮೀನು?

ಸಿಟ್ಟು ಬಂದರೆ ನನಗೆ ಹುರುಪು ಹೆಚ್ಚು. ಮರುದಿನವೇ ಬಸ್ ಹತ್ತಿ ಕುಮಟಾ ಪೇಟೆಯಿಂದ ಬಣ್ಣದ ಅಕ್ಷರಪಟ ತಂದು ಗೋಡೆಗೆ ಹೊಡೆದೆ. ಆ್ಯಪಲ್ಲಿನಿಂದ ಎಗ್ಗಿನವರೆಗೆ ಬಂಡಿ ಸುಸೂತ್ರವಾಗಿ ಓಡಿತು. ‘ಎಫ್ ಫಾರ್ ಫಿಶ್’ ಎಂದದ್ದೇ ತಡ, ಜಗಲಿ ಮೀನು ಮಾರ್ಕೆಟ್ ಆಯಿತು.

“ಯಾವ ಮೀನು ಅಕ್ಕೋರೆ?”

“ಮೀನಲೇ. ಬರೇ ಮೀನು.”

“ಬರೇ ಮೀನು ಅಂತ ಮೀನೇ ಇಲ್ಲೆ!”

ಬಂಗಡೆ ಎಂದ ಒಬ್ಬ. ಬಂಗಡೆಗೆ ಬೆನ್ನ ಮೇಲೆ ಗೆರೆ ಬೇಡವೇ ಎಂದ ಇನ್ನೊಬ್ಬ. ತಾರ್ಲೆ ಇಷ್ಟು ದಪ್ಪ ಇರುವುದಿಲ್ಲ ಎಂದು ಮೂರನೆಯವನು. ಮೀನು ಮಾರುವಾಕೆಯ ಮಗಳು ಎದ್ದು ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ನನ್ನ ಕಡೆ ತಿರುಗಿದ ಅವಳ ಮುಖದಲ್ಲಿ ನಿಜವಾದ ಮರುಕವಿತ್ತು.

“ಯಾವುದಾದ್ರೂ ಆಗ್ಲಿ, ಇದು ಹಾಳಾದ ಮೀನು ಅಕ್ಕೋರೆ. ಕಣ್ಣು ನೋಡಿ, ಬೆಳ್ಳಗಾಗಿದೆ. ಕುಮಟಾದವರು ನಿಮಗೆ ಟೋಪಿ ಹಾಕಿದ್ರು.”

ನಾಟ್ ಓವರ್

ನಡುವೆ ಫ್ಯಾಕ್ಟರಿಯವರು ನಮ್ಮವರನ್ನು ಆರು ತಿಂಗಳು ಭಟ್ಕಳಕ್ಕೆ ಕಳಿಸಿದರು. ಅಲ್ಲಿಯೂ ಜಗಲಿ, ಅಲ್ಲಿಯೂ ಮಕ್ಕಳು. ಮಕ್ಕಳ ಸಾಲಿನ ಕೊನೆಯಲ್ಲಿ ಪಕ್ಕದ ಮನೆಯ ನವಾಯತ ಮುಸ್ಲಿಂ ಅಜ್ಜಿಯೂ ಬಂದು ಕೂತರು. ಮಗ ದುಬೈಯಲ್ಲಿ. ತಿಂಗಳಿಗೊಮ್ಮೆ ಅವನ ಫೋನು ಬರುತ್ತಿತ್ತು. ಎರಡು ಮಾತು ಮುಗಿಯುವಷ್ಟರಲ್ಲಿ ನಡುವೆ ಬಾಯಿ ಹಾಕುವ ಆಪರೇಟರ್ ಹೆಂಗಸು ‘ತ್ರೀ ಮಿನಿಟ್ಸ್ ಓವರ್’ ಎಂದು ಕತ್ತರಿ ಹಾಕುತ್ತಿದ್ದಳು.

“ನನಗೆ ಎಬಿಸಿಡಿ ಬೇಡ. ಅವಳಿಗೆ ಹೇಳುವಂಥ ಒಂದು ಮಾತು ಕಲಿಸು, ಸಾಕು” ಎಂದರು ಅಜ್ಜಿ.

ವ್ಯಾಕರಣದ ಗೊಡವೆಗೆ ಹೋಗದೆ ಕಲಿಸಿದೆ. ಮಕ್ಕಳೂ ಒಂದು ವಾರ ಅದನ್ನೇ ಒಕ್ಕೊರಲಿನಿಂದ ಹೇಳಿ ರೂಢಿ ಮಾಡಿಸಿದರು. ಫೋನು ಬಂದ ದಿನ ಗೋಡೆಯಾಚೆಯಿಂದ ಅಜ್ಜಿಯ ದನಿ ಇಡೀ ಓಣಿಗೆ ಕೇಳಿಸಿತು: “ನಾಟ್ ಓವರ್! ಐ ಮದರ್!”

ಆಪರೇಟರ್ ಬೆದರಿ ಸುಮ್ಮನಾದಳಂತೆ. ಒಂಬತ್ತು ನಿಮಿಷ ಮಾತು ನಡೆಯಿತು. ಕೊನೆಗೆ ದುಬೈಯಿಂದ ಮಗನೇ ಬೇಡಿಕೊಂಡನಂತೆ: “ಅಮ್ಮಾ, ಇನ್ನು ಓವರ್ ಅನ್ನು!”

ಮೂರು ರೂಪ

ಹೊನ್ನಾವರಕ್ಕೆ ಮರಳಿದಾಗ ಜಗಲಿಗೆ ಬಂದದ್ದು ಮೂರೇ ಮಕ್ಕಳು. ನಾನಿಲ್ಲದಾಗ ಮಾಸ್ತರರು ತಾಯಂದಿರಿಗೆಲ್ಲ ಹೇಳಿದ್ದರು: “ಅವಳ ಇಂಗ್ಲಿಷ್ ಬರೆದ್ರೆ ನಿಮ್ಮ ಮಕ್ಕಳು ಹೈಸ್ಕೂಲಲ್ಲಿ ಗ್ಯಾರಂಟಿ ಫೇಲು.” ತಾಯಂದಿರನ್ನು ದೂರಿ ಏನು ಬಂತು? ಶಾಲೆಯ ಮೆಟ್ಟಿಲು ಹತ್ತದವರು, ಮಕ್ಕಳಿಗೆ ಮೋಸವಾಗಬಾರದು ಎಂದು ಹೆದರಿದ್ದರು. ನೇರ ಮಾಸ್ತರರ ಅಂಗಳಕ್ಕೆ ಹೋದೆ.

“ನೀವ ಬಂದು ಪರೀಕ್ಷಾ ಮಾಡ್ರಿ. ಮಕ್ಕಳು ಸೋತರ ಪಾಠ ನಿಲ್ಲಸ್ತೀನಿ.”

“ಆತು. ಬರೂ ಐತವಾರ” ಎಂದರು.

ಐತವಾರ ಇಡೀ ಕೇರಿ ನಮ್ಮ ಮನೆಯೆದುರು. ಮಾಸ್ತರರು ಇಸ್ತ್ರಿ ಧೋತ್ರ ಉಟ್ಟು, ಕೊಡೆ ಹಿಡಿದು ಕುರ್ಚಿಯಲ್ಲಿ ಕೂತರು. ಹೆಸರು, ಊರು, ವಾರ, ತಿಂಗಳು ಎಲ್ಲಕ್ಕೂ ಮಕ್ಕಳು ಪಟಪಟನೆ ಉತ್ತರ ಕೊಟ್ಟರು. ಮಾಸ್ತರರ ಮುಖ ಸಣ್ಣದಾಯಿತು. ಮೀನು ಮಾರುವಾಕೆಯ ಮಗಳನ್ನು ಎಬ್ಬಿಸಿದರು.

“ಕ್ಯಾಚ್. ಮೂರು ರೂಪ ಹೇಳು.”

ಬಿಡಿ ಪದಗಳನ್ನು ಹೇಳಿಕೊಟ್ಟಿದ್ದೆ, ಮೂರು ರೂಪದ ಪಟ್ಟಿ ಮುಟ್ಟಿರಲಿಲ್ಲ. ನಾನು ಫೇಲಾದದ್ದೇ ಅಲ್ಲಿ.

“ಕ್ಯಾಚ್” ಎಂದಳು ಹುಡುಗಿ.

“ಹ್ಞೂಂ.”

“ಕಾಟ್.”

“ಹ್ಞೂಂ, ಮುಂದೆ?”

“ಸೋಲ್ಡ್.”

ಮಾಸ್ತರರು ಕೊಡೆ ಕುಟ್ಟಿದರು. “ತಪ್ಪು! ಕ್ಯಾಚ್, ಕಾಟ್, ಕಾಟ್! ಮುಗೀತು. ಪಾಠ ಬಂದ್!”

ಅವರು ಹೇಳಿದ್ದು ಸರಿ, ನನಗೂ ಗೊತ್ತು. ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಆದರೂ ಮಕ್ಕಳು ಇಳಿಯದಂತೆ ಜಗಲಿಯ ಮೆಟ್ಟಿಲಿಗೆ ಅಡ್ಡ ನಿಂತೆ.

“ತಪ್ಪು ಖರೆ. ಮಾತು ಕೊಟ್ಟದ್ದೂ ಖರೆ. ಆದರ ನಾ ನಿಲ್ಲಸೂದಿಲ್ಲ.”

“ಇವರೂ ನಿಮ್ಮ ಹಾಗೆ ಫೇಲಾದ್ರೆ?”

“ಆದರ ಆಗಲಿ. ಎರಡ ಸಲ ಫೇಲಾದ ಮ್ಯಾಲೂ ತಲಿ ಎತ್ತಿ ಕೂಡೂದು ಹ್ಯಾಂಗಂತ ನನಗ ಗೊತ್ತದ. ಅದನ್ನೂ ಕಲಸ್ತೀನಿ.”

ಹುಡುಗಿಯ ತಾಯಿ ಬುಟ್ಟಿ ಇಳಿಸಿ ಮುಂದೆ ಬಂದಳು.

“ಅಕ್ಕೋರೆ, ನಮ್ಮ ಹುಡುಗಿ ಎಂತ ಹೇಳ್ತು? ಮಾಸ್ತರ್ರು ಎಂತ ಹೇಳಿದ್ರು? ಕನ್ನಡದಲ್ಲಿ ಹೇಳಿ.”

ಹೇಳಿದೆ. “ನಿನ್ನ ಮಗಳು ಅಂದದ್ದು: ಹಿಡಿ, ಹಿಡಿದರು, ಮಾರಿದರು. ಮಾಸ್ತರು ಅನ್ನೂದು: ಹಿಡಿ, ಹಿಡಿದರು, ಹಿಡಿದರು.”

ತಾಯಿ ಬೆರಳು ಮಡಚಿ ಲೆಕ್ಕ ಹಾಕಿದಳು. ಮಗಳ ರಟ್ಟೆ ಹಿಡಿದು ಜಗಲಿಯ ಮೇಲೆ ವಾಪಸು ಕೂರಿಸಿದಳು. ಆಮೇಲೆ ಮಾಸ್ತರರ ಕಡೆ ತಿರುಗಿ, ಸಣ್ಣ ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ ಅಂದಳು:

“ಹಿಡಿದದ್ದನ್ನೇ ಮತ್ತೆ ಹಿಡೀತಾ ಕೂತ್ರೆ ಮೀನು ನಾತ ಬತ್ತದೆ, ಮಾಸ್ತರ್ರೇ. ನಾಳೆಯಿಂದ ನೀವೂ ಜಗಲಿಗೆ ಬನ್ನಿ.”