ಮೈದುನನ ಹೊಟ್ಟೆಯ ಶಾಖ

ನನ್ನ ಮೊಮ್ಮಗಳನ್ನು ಉಳಿಸಿದ್ದು ದೇವರೂ ಅಲ್ಲ, ಡಾಕ್ಟರೂ ಅಲ್ಲ. ನನ್ನ ಮೈದುನನ ಹೊಟ್ಟೆ! ನಂಜನಗೂಡಿನಲ್ಲಿದ್ದುಕೊಂಡು ಹೀಗೆ ಬರೆಯಬಾರದು, ಗೊತ್ತು. ಆದರೆ ನಡೆದದ್ದು ಅದೇ.

ಮೈದುನ ಮೈಸೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಪ್ರೋಟಾನುಗಳಿದ್ದವು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಒಂದೇ ಮನೆಯಲ್ಲಿದ್ದ ಮೇಲೆ ಅವನ ಪಾಠದಿಂದ ತಪ್ಪಿಸಿಕೊಳ್ಳುವುದುಂಟೇ?

ಒಮ್ಮೆ ನನ್ನ ಜೊತೆ ತಿ. ನರಸೀಪುರಕ್ಕೆ ಹೊರಟವನು ದಾರಿಯಲ್ಲಿ ನಾಲೆಯ ತೂಬಿನ ಮೇಲೆ ಕೂತೇಬಿಟ್ಟ. "ನೋಡಿ ಅತ್ತಿಗೆ, ಜೀವಕೋಶದೊಳಗೆ ಮೈಟೋಕಾಂಡ್ರಿಯ ಅಂತ ಗಿರಣಿ. ಅದರ ಗೋಡೆಯಾಚೆ ಪ್ರೋಟಾನುಗಳು ನೀರಿನ ಹಾಗೆ ತುಂಬಿರುತ್ತವೆ. ಚಕ್ರ ತಿರುಗಿಸಿ ಇಳಿದ್ರೆ ಮೈಗೆ ಕಸುವು. ಎಳೆಗೂಸಿನ ಬೆನ್ನಿನ ಕಂದು ಕೊಬ್ಬಿನಲ್ಲಿ ಪಕ್ಕಕ್ಕೊಂದು ಪ್ರೋಟೀನಿನ ತೂಬು. ಅಲ್ಲಿ ನುಗ್ಗಿದ್ರೆ ಬರೀ ಶಾಖ! ಆದ್ರೆ ಅದು ತಾನಾಗಿ ತೆರೆಯಲ್ಲ. ಕೊಬ್ಬಿನಾಮ್ಲ ಬಂದು ಕೈ ಹಾಕ್ಬೇಕು."

ನೀರು ಬಿಡಲು ಬಂದ ನೀರುಗಂಟಿ ಕಾದೂ ಕಾದೂ ಹೇಳಿದ: "ಅದೆಲ್ಲ ಸರಿ ಸಾ, ನೀವು ಎದ್ರೆ ನಾನೂ ತೂಬು ಎತ್ತೀನಿ. ಇಲ್ದಿದ್ರೆ ಗದ್ದೆಯೋರು ನನ್ ಮೈ ಬಿಸಿ ಮಾಡ್ತಾರೆ!"

ಎಂಬತ್ತನೇ ಇಸವಿಯ ಆಚೀಚೆ, ಒಂದು ಧನುರ್ಮಾಸದಲ್ಲಿ, ನನ್ನ ಮಗಳಿಗೆ ಎಂಟು ತಿಂಗಳು ತುಂಬುವ ಮೊದಲೇ ಮನೆಯಲ್ಲೇ ಹೆರಿಗೆಯಾಯಿತು. ಗುಬ್ಬಿಯಂಥ ಹೆಣ್ಣುಕೂಸು, ಕಾಲು ಮಂಜುಗಡ್ಡೆ. ನಮ್ಮ ಬೀದಿಯ ಕೂಸುಗಳಿಗೆಲ್ಲ ಮೊದಲ ನೀರು ಹಾಕಿದವಳು ನಾನು. ಬಿಸಿನೀರು ಬಿದ್ದರೆ ಸರಿಹೋದೀತೆಂದು ಎತ್ತಿಕೊಂಡು ಹೊರಟೆ. ಮೈದುನ ಬಚ್ಚಲಿಗೆ ಅಡ್ಡ ನಿಂತ.

"ನೀರು ಬೇಡ ಅತ್ತಿಗೆ. ಮೈ ಇನ್ನೂ ತಣ್ಣಗಾಗುತ್ತೆ."

"ನೀನೆಷ್ಟು ಹೆತ್ತಿದ್ದೀಯೋ?"

"ಇವಳು ಬೇಗ ಬಂದ್ಲು. ತೂಬಿಗೆ ಕೈ ಹಾಕೋಕೆ ಮೈಯಲ್ಲಿ ಕೊಬ್ಬೇ ಇಲ್ಲ. ಕೊಡಿ ಇಲ್ಲಿ."

ಪ್ರೋಟಾನೆಂದರೆ ಬೀದಿಗೆ ಕೇಳುವಂತೆ ಕೂಗುವ ಮನುಷ್ಯ, ಅಂದು ಪಿಸುಗುಟ್ಟಿದ. ಅದಕ್ಕೇ ನಂಬಿದೆ.

ಮಗಳಿಗೋ ಮೈ ಸುಡುವ ಜ್ವರ, ಕೂಸನ್ನು ಅಪ್ಪಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇವನೇ ಅಂಗಿ ಬಿಚ್ಚಿ, ಕೂಸನ್ನು ಬರಿಹೊಟ್ಟೆಯ ಮೇಲೆ ಕವುಚಿಕೊಂಡು, ನನ್ನ ಹಳೆ ಸೀರೆ ಹೊದ್ದು ಗೋಡೆಗೊರಗಿದ. ಎಂಥ ಹೊಟ್ಟೆ! ಕೂಸು ಅದರಲ್ಲಿ ಹುದುಗಿಯೇ ಹೋಯಿತು. ಸೂಲಗಿತ್ತಿ ಬಾಯಿಗೆ ಸೆರಗಿಟ್ಟುಕೊಂಡಳು. "ಅವ್ವಾ, ಇಲ್ಲಿ ಬಾಣಂತಿ ಯಾರವ್ವಾ?"

ಡಾಕ್ಟರು ಬಂದವರು ಮಗಳಿಗೆ ಔಷಧಿ ಕೊಟ್ಟು, ಮೈದುನನನ್ನು ನೋಡಿ, "ಇದು ಹೀಗೇ ಇರ್ಲಿ" ಎಂದು ಹೋದರು. ಹಿಂಡಿದ ಎದೆಹಾಲನ್ನು ನಾನು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದೆ. ಅವನು ಜಾರಿದ ಸೀರೆಯನ್ನು ಮತ್ತೆ ಮತ್ತೆ ಕೂಸಿನ ಮೇಲೆ ಎಳೆಯುತ್ತಿದ್ದ.

ಮಾರನೆಯ ಬೆಳಿಗ್ಗೆ ಕೂಸಿನ ಅಂಗಾಲು ಮುಟ್ಟಿದೆ. ಬೆಚ್ಚಗಿತ್ತು. ಅವನು ಕೂತಲ್ಲೇ ಇದ್ದ, ಎರಡೂ ಕೈ ಕೂಸಿನ ಮೇಲೆ. ಬಿಸಿ ಉಪ್ಪಿಟ್ಟು ಮಾಡಿ ತಂದು ಮುಂದೆ ಕೂತೆ. "ಬಾಯಿ ತೆಗಿ" ಎಂದು ತುತ್ತಿಟ್ಟೆ.