ತುದಿ ಕಟ್ಟುವ ಮಾವ

ಭೀಮನಬೀಡಿನ ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನಂತೂ ಹೇಳುವುದಿಲ್ಲ. ಅದನ್ನು ಹೇಳಲು ಅತ್ತೆ ಇದ್ದಾರೆ! ನಾನು ಹೇಳುವುದಿಷ್ಟೇ: ಎಳೆ ಬಿಟ್ಟುಕೊಂಡ ಹಗ್ಗದ ತುದಿ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಎತ್ತಿನ ಹಗ್ಗ, ಬಾವಿ ಹಗ್ಗ, ನನ್ನ ಲಂಗದ ಲಾಡಿ, ಯಾವುದಾದರೇನು, ತುದಿಗೆ ನೂಲು ಸುತ್ತಿ ಬಿಗಿಯುವರು. ನೈಲಾನ್ ಆದರೆ ಬೆಂಕಿಕಡ್ಡಿ ಗೀರಿ ಕರಗಿಸುವರು. ಒಮ್ಮೆ ಗುಂಡ್ಲುಪೇಟೆ ಬಸ್ಸಿನಲ್ಲಿ ಪಕ್ಕದವನು ತೂಕಡಿಸುತ್ತಿದ್ದ. ಅವನ ಶೂ ಲೇಸಿನ ತುದಿ ಬಿಚ್ಚಿಕೊಂಡಿತ್ತು. ಎಚ್ಚರವಾದಾಗ ಆ ಪುಣ್ಯಾತ್ಮ ಕಂಡಿದ್ದೇನು? ತನ್ನ ಕಾಲ ಬಳಿ ಉರಿಯುವ ಬೆಂಕಿಕಡ್ಡಿ! ಕಂಡಕ್ಟರ್ ಮಾವನನ್ನು ತೆರಕಣಾಂಬಿಯಲ್ಲೇ ಇಳಿಸಿದ.

ನನ್ನ ಮದುವೆಯಲ್ಲಿ ಶಾಮಿಯಾನದ ಹಗ್ಗದ ತುದಿ ಕರಗಿಸಲು ಹೋಗಿ ಶಾಮಿಯಾನಕ್ಕೇ ಬೆಂಕಿ ಹಚ್ಚಿದರು. ಜನ ಬಿಂದಿಗೆ ಹಿಡಿದು ಓಡುತ್ತಿದ್ದರೆ ಇವರು ಮದುವೆ ಗಂಡಿಗೆ ಸಮಾಧಾನ ಹೇಳಿದರು: "ಅಗ್ಗ ಮಾತ್ರ ಭದ್ರವಾಗೇ ಅದೆ ಬುಡಿ ಅಳಿಯಂದ್ರೆ!"

ಇಂಥವರ ಜಠರಕ್ಕೆ ಕ್ಯಾನ್ಸರ್ ಬಂತು. ಎಲ್ಲರೂ ಮಿಸ್ಡ್ ಕಾಲ್ ಕೊಟ್ಟುಕೊಳ್ಳುತ್ತಿದ್ದ ಕಾಲವದು. ಅತ್ತೆ ನೇರವಾಗಿ ಕಾಲ್ ಮಾಡಿದಾಗಲೇ ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಾಗಿತ್ತು. ಬೇಗ ಆಪರೇಷನ್ ಮಾಡಿಸದಿದ್ದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಮಾವ ಒಪ್ಪಲಿಲ್ಲ. ಕಾರಣ? ಆಪರೇಷನ್ನಿಗೆ ಮೊದಲು ಸೊಂಟದ ಉಡಿದಾರ ತೆಗೆಯಬೇಕಂತೆ!

"ಉಡ್ದಾರ ಕಿತ್ತಾಕದು ಸತ್ತೋರ್ಗೆ ಕಣಮ್ಮಿ. ನಾನಿನ್ನೂ ಬದ್ಕಿವ್ನಿ!"

ನಾನು ಚಾಮರಾಜನಗರದ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ. ಬೇರೇನೂ ತೋಚದೆ ಪಾಠ ಶುರು ಮಾಡಿದೆ.

"ಮಾವ, ನಮ್ಮ ಮೈಯ ಕೋಶಗಳ ಒಳಗೆ ದಾರದಂಥ ವರ್ಣತಂತುಗಳಿವೆ. ಅವುಗಳ ಕೊನೆಗೆ ಟೆಲೊಮಿಯರ್ ಅಂತ ಒಂದು ಕಟ್ಟು. ಕೋಶ ಒಡೆದು ಎರಡಾದಾಗೆಲ್ಲ ಅದು ಚೂರು ಸವೆಯುತ್ತೆ. ತೀರಾ ಸವೆದರೆ ಕೋಶ ಒಡೆಯೋದು ನಿಲ್ಲಿಸುತ್ತೆ."

"ಸರಿ ಬುಡು. ಅದ್ರ ಕಾಲ ಮುಗೀತು."

"ಕ್ಯಾನ್ಸರ್ ಕೋಶ ಹಾಗೆ ನಿಲ್ಲಲ್ಲ. ಟೆಲೊಮರೇಸ್ ಅನ್ನೋ ಕಿಣ್ವ ಇಟ್ಕೊಂಡು ಸವೆದ ಕೊನೆಯನ್ನ ಮತ್ತೆ ಮತ್ತೆ ಕಟ್ಟಿಸಿಕೊಳ್ಳುತ್ತೆ. ಬೆಳೀತಾನೇ ಹೋಗುತ್ತೆ."

ಮಾವ ದಡಕ್ಕನೆ ಎದ್ದು ಕೂತರು. "ಅಂದ್ರೆ ನನ್ನೊಟ್ಟೆ ಒಳ್ಗೆ ಕುಂತ್ಕಂಡು ನನ್ ಕೆಲ್ಸನೇ ಮಾಡ್ತಾ ಅದಾ ಬಡ್ಡೆತ್ತದು?"

"ಹೂಂ ಮಾವ."

"ಕಾಲ ಮುಗುದ್ಮೇಲೂ ಜಾಗ ಬುಡಾಕಿಲ್ಲ ಅಂದ್ರೆ ಏನರ್ಥ? ಕುಯ್ಸ್‌ಬುಡನ ನಡಿ!"

ಡಾಕ್ಟರು, ಅತ್ತೆ, ಮನೆದೇವರು ಎಲ್ಲರೂ ಸೋತಲ್ಲಿ ಗೆದ್ದದ್ದು ಬರೀ ಹೊಟ್ಟೆಕಿಚ್ಚು!

ಆಪರೇಷನ್ ದಿನ ಉಡಿದಾರ ಬಿಚ್ಚಿ ನನ್ನ ಕೈಗಿಟ್ಟರು. "ಕೊನೆ ಬಿಚ್ಕಂಡಾತು, ಉಸಾರು." ಹೊರಗೆ ಬೆಂಚಿನ ಮೇಲೆ ಕೂತು ಅದರ ಎರಡೂ ತುದಿಗೆ ನೂಲು ಸುತ್ತಿದೆ. ಎಚ್ಚರವಾದ ಮೇಲೆ ಮಾವ ಮೊದಲು ನೋಡಿದ್ದು ಅದನ್ನೇ. "ಸಡ್ಲ ಅದೆ," ಎಂದರು!

ಮೂರು ವರ್ಷ ಚೆನ್ನಾಗಿದ್ದರು. ಆಮೇಲೆ ಕಾಯಿಲೆ ಯಕೃತ್ತಿಗೆ ಹರಡಿತು. ಕೊನೆಯ ಸಲ ನೋಡಲು ಹೋದಾಗ, ಹೊದಿಕೆ ಸರಿಪಡಿಸುವಾಗ ಕಣ್ಣಿಗೆ ಬಿತ್ತು: ಉಡಿದಾರದ ತುದಿ ಎಳೆ ಬಿಟ್ಟುಕೊಂಡಿತ್ತು. ಮಾವನ ಸೊಂಟದಲ್ಲಿ! ನನಗೆ ತಡೆಯಲಾಗಲಿಲ್ಲ, ಅತ್ತೆಯ ಡಬ್ಬಿಯಿಂದ ನೂಲು ತಂದೆ.

ಮಾವ ನನ್ನ ಕೈ ಹಿಡಿದರು. "ಬುಡು ಕಣಮ್ಮಿ, ಸವೀಲಿ. ಪಾಠ ಮಾಡ್ದೋಳು ನೀನೇ ಅಲ್ವಾ?"

ಪಾಠ ಮಾಡಿದವಳು ನಾನೇ. ಆದರೂ ಅವತ್ತು ಆ ಒಂದು ತುದಿಯನ್ನು ಕಟ್ಟಿಬಿಡಬೇಕೆಂದು ಎಷ್ಟು ಆಸೆಯಾಗಿತ್ತೆಂದರೆ, ಅವರು ನಿದ್ದೆ ಹೋದ ಮೇಲೂ ನೂಲನ್ನು ಕೈಯಿಂದ ಬಿಡದೆ ಅಲ್ಲೇ ಕೂತಿದ್ದೆ.